ಮಗಳ ಟ್ಯಾಬ್ ರಾತ್ರಿ ಹೊತ್ತು ಏನ್ ಮಾಡ್ತಿತ್ತು

ಮಗಳಿಗೀಗ 7 ವರ್ಷ. ಹೋದ್ವರ್ಷ ವೈಫೈ ಸ್ಲೋ ಆಗ್ತಿದೆ ಅಂತ ರೂಟರ್‌ನ ಡಿಎನ್‌ಎಸ್ ಲಾಗ್ ತೆಗೆದೆ, ಯಾವ ಡಿವೈಸ್ ಯಾವ ಸರ್ವರನ್ನ ಹುಡುಕ್ತು ಅನ್ನೋ ಪಟ್ಟಿ ಅದು, ನೋಡಿದ್ರೆ ಅವಳು ಮಲಗಿ ಎರಡು ಗಂಟೆ ಆದ್ಮೇಲೂ ಅವಳ ಟ್ಯಾಬು ಜಾಹೀರಾತು ಸರ್ವರ್‌ಗಳನ್ನ ಕೇಳ್ತಾನೇ ಇದೆ. ಹಾಗೆ ಕೇಳ್ತಿದ್ದದ್ದು ಒಂದು ಬಣ್ಣ ಹಚ್ಚೋ ಆಪ್. ಅದಕ್ಕೆ ಲೊಕೇಶನ್ನು, ಮೈಕು ಎರಡೂ ಪರ್ಮಿಶನ್ ಕೊಟ್ಟವಳು ನಾನೇ, ಮಗು ಅಳ್ತಿದೆ ಅಂತ ಬಂದಿದ್ದಕ್ಕೆಲ್ಲ ಓಕೆ ಒತ್ತಿದ್ದೆ.

ಆಪ್ ತೆಗೆದೆ. ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಪ್ರೈವಸಿ ಒಳಗೆ ಆಡ್ಸ್ ಅಂತಿರತ್ತೆ, ಅಲ್ಲಿ ಅಡ್ವರ್ಟೈಸಿಂಗ್ ಐಡಿ, ಅಂದ್ರೆ ಜಾಹೀರಾತಿನವರು ಟ್ಯಾಬನ್ನ ಗುರುತು ಹಿಡಿಯೋ ನಂಬರ್, ಡಿಲೀಟ್ ಮಾಡಿದೆ. ಆಮೇಲೆ ಅವಳ ಅಕೌಂಟ್ ನೋಡ್ದೆ, ಅಲ್ಲೇ ಎದೆ ಧಸಕ್ ಅಂದಿದ್ದು. ಬೇಗ ಮುಗೀಲಿ ಅಂತ ಹುಟ್ಟಿದ ವರ್ಷದ ಜಾಗದಲ್ಲಿ ನಂದೇ ಹಾಕಿದ್ದೆ. 13ರ ಒಳಗಿನ ಮಕ್ಕಳ ಡೇಟಾ ತಗೊಳ್ಳೋ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಅಮೆರಿಕದಲ್ಲಿ 1998ರಲ್ಲೇ ಕಾನೂನು ಬಂದಿದೆ, ಎಷ್ಟೋ ಆಪ್‌ಗಳು ವಯಸ್ಸು ಕೇಳೋದು ಅದಕ್ಕೇ, ನಾನು ಹಾಕಿದ ಆ ಒಂದು ನಂಬರಿಂದ ಅವಳು ಆ ಸಿಸ್ಟಮ್ ಲೆಕ್ಕದಲ್ಲಿ ದೊಡ್ಡವಳಾಗ್ಬಿಟ್ಟಿದ್ಲು. ಸರಿಯಾದ ವಯಸ್ಸು ಹಾಕಿ ಹೊಸ ಚೈಲ್ಡ್ ಅಕೌಂಟ್ ಮಾಡ್ದೆ, ಅರ್ಧ ಗಂಟೆನೂ ಬೇಕಾಗ್ಲಿಲ್ಲ.

ಮಾತಾಡೋ ಗೊಂಬೆ ಒಂದಿತ್ತು. ಮನೆ ಮಾತನ್ನ ಕದ್ದು ಕೇಳೋಕೆ ಬಳಸ್ಬಹುದು ಅಂತ 2017ರಲ್ಲಿ ಜರ್ಮನಿ ಕೇಲಾ ಅನ್ನೋ ಗೊಂಬೆನ ಬ್ಯಾನ್ ಮಾಡಿದ್ದು ನೆನಪಾಗಿ ನಮ್ಮದನ್ನೂ ಟೆಸ್ಟ್ ಮಾಡ್ದೆ, ಪಕ್ಕದ ರೂಮಿಂದ ನನ್ನ ಫೋನು ಬ್ಲೂಟೂತಲ್ಲಿ ಪಿನ್ ಕೂಡ ಕೇಳ್ದೆ ಕನೆಕ್ಟ್ ಆಯ್ತು. ಬ್ಯಾಟರಿ ತೆಗೆದಿಟ್ಟೆ, ಈಗ ಸುಮ್ನೆ ಗೊಂಬೆ ಅಷ್ಟೆ, ಆಟ ಏನೂ ಕಮ್ಮಿ ಆಗಿಲ್ಲ.

ಇಷ್ಟೆಲ್ಲ ಆದ್ಮೇಲೆ ನನ್ನ ಸೋಶಿಯಲ್ ಮೀಡಿಯಾ ತೆಗೆದು ಕೂತೆ. ಹುಟ್ಟಿದ ತಾರೀಖು ಬರೆದಿರೋ ಕೇಕು, ಬ್ಯಾಡ್ಜ್ ಕಾಣೋ ಯೂನಿಫಾರ್ಮು, ಜ್ವರ ಬಂದು ಮಲಗಿರೋದು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ರೆ ಎಲ್ಲಿ ತೆಗೆದಿದ್ದು ಅನ್ನೋದೂ ಫೋಟೋ ಫೈಲ್ ಒಳಗೇ ಸೇರ್ಕೊಂಡಿರತ್ತೆ, ಅದನ್ನ ಫೈಲಾಗಿ ಹಾಗೇ ಕಳಿಸಿದ್ರೆ ಜೊತೆಗೇ ಹೋಗತ್ತೆ. ಆಪ್ ಕದ್ದಿದ್ದಕ್ಕಿಂತ ನಾನು ಕೊಟ್ಟಿದ್ದೇ ಜಾಸ್ತಿ, ಇದನ್ನ ಒಪ್ಕೊಳ್ಳೋಕೆ ನಂಗೆ ತುಂಬಾ ಕಷ್ಟ ಆಯ್ತು.

ಅವಳನ್ನ ಪಕ್ಕ ಕೂರಿಸ್ಕೊಂಡೇ ಒಂದೊಂದಾಗಿ ನೋಡಿದ್ವಿ. ಹಲ್ಲು ಬಿದ್ದು ಅಳ್ತಿರೋ ಫೋಟೋ ಬಂದಾಗ, "ಅಮ್ಮಾ, ಇದನ್ಯಾಕೆ ಎಲ್ರಿಗೂ ತೋರ್ಸ್ದೆ?" ಅಂದ್ಲು. ಡಿಲೀಟ್ ಮಾಡಿದೆ. ಸೇವ್ ಮಾಡ್ಕೊಂಡವರ ಫೋನಲ್ಲಿ ಇನ್ನೂ ಇರಬಹುದು ಅಂತಾನೂ ಅವಳಿಗೆ ಹೇಳ್ದೆ, ಮುಚ್ಚಿಡೋಕೆ ಮನಸ್ಸು ಬರ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, ಮುಂದಿನ ಫೋಟೋ ತೋರಿಸು ಅಂದ್ಲು.