‘ಕ್ರುಷಿ’ ಅಂತ ಹುಡುಕಿದರೂ ಕೃಷಿ ಪುಸ್ತಕ ಸಿಗಬೇಕು

ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ರೈತರೊಬ್ಬರು ‘ಕ್ರುಷಿ’ ಅಂತ ಟೈಪ್ ಮಾಡಿದರು. ‘ಯಾವ ಪುಸ್ತಕವೂ ಇಲ್ಲ’ ಅಂತ ಬಂತು. ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಕೃಷಿ ಪುಸ್ತಕಗಳಿದ್ದವು. ಯಾರನ್ನೂ ಕೇಳದೆ ಎದ್ದು ಹೋದರು. ಅದು ನನ್ನನ್ನು ಬಹಳ ದಿನ ಕಾಡಿತು.

ನಮ್ಮ ಹುಡುಕಾಟ ನಡೆಯುವುದು ಸೋಲರ್ (Solr) ಅನ್ನುವ ಹುಡುಕಾಟದ ತಂತ್ರಾಂಶದಲ್ಲಿ. ಕಾಗುಣಿತ ಸಲಹೆ ಕೊಡುವ ಭಾಗ ಅದರಲ್ಲೇ ಇದೆ. ಅದನ್ನು ಆನ್ ಮಾಡಿದೆ. ‘ವಿದ್ಯಾಬ್ಯಾಸ’ಕ್ಕೆ ‘ವಿದ್ಯಾಭ್ಯಾಸ’ ತೋರಿಸಿತು. ‘ಕ್ರುಷಿ’ಗೆ ಮಾತ್ರ ಏನೂ ಇಲ್ಲ!

ಕಾರಣ ಹುಡುಕುತ್ತಾ ಕೂತೆ. ಎರಡು ಪದಗಳ ನಡುವೆ ಎಷ್ಟು ಬದಲಾವಣೆ ಇದೆ ಅಂತ ಅದು ಎಣಿಸುತ್ತದೆ. 2ಕ್ಕಿಂತ ಜಾಸ್ತಿಯಾದರೆ ಕೈಬಿಡುತ್ತದೆ. ನಮ್ಮ ಕಣ್ಣಿಗೆ ಕೃ, ಕ್ರು ಎರಡೂ ಒಂದೊಂದೇ ಅಕ್ಷರ ಅಲ್ವಾ? ಆದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಲು ಬಳಸುವ ಯುನಿಕೋಡ್‌ನಲ್ಲಿ ಕೃ ಎಂದರೆ 2 ಸಂಕೇತ, ಕ್ರು ಎಂದರೆ 4. ಒಂದು ಬದಲು, ಎರಡು ಹೆಚ್ಚುವರಿ, ಒಟ್ಟು 3. ಇಷ್ಟೇ ಅಲ್ಲ, ಮೊದಲ ಅಕ್ಷರ ಹೊಂದಲೇಬೇಕು ಅನ್ನುವ ಷರತ್ತೂ ಇತ್ತು. ಹಾಗಾಗಿ ‘ಅಂಪಿ’ ಅಂತ ಬರೆದವರಿಗೆ ಹಂಪಿ ಸಿಗುವುದಿಲ್ಲ. ನಾಲ್ಕಕ್ಕಿಂತ ಕಡಿಮೆ ಸಂಕೇತವಿರುವ ಪದವನ್ನು ಅದು ನೋಡುವುದೇ ಇಲ್ಲ. ‘ಕಥೆ’ಯಲ್ಲಿರುವುದು ಮೂರೇ.

ಈ ಎರಡು ಷರತ್ತು ಸಡಿಲಿಸುವುದು ಸುಲಭ. ಆದರೆ ಎಣಿಕೆಯ ದಾರಿಯೇ ನಮ್ಮ ಭಾಷೆಗೆ ಸಾಲದು ಅನ್ನಿಸಿತು. ನಾವು ಬರೆಯುವುದು ಕಿವಿಗೆ ಕೇಳಿಸಿದಂತೆ. ಅದಕ್ಕೇ ಕಿವಿಯ ಲೆಕ್ಕದಲ್ಲೇ ಹೊರಟೆ. ನಮ್ಮ ಪುಸ್ತಕಪಟ್ಟಿಯ ಪ್ರತಿ ಪದಕ್ಕೂ ಒಂದು ‘ಉಚ್ಚಾರ ರೂಪ’ ಮಾಡಿಟ್ಟೆ. ಮಹಾಪ್ರಾಣವೆಲ್ಲ ಅಲ್ಪಪ್ರಾಣ, ಶ ಷ ಎರಡೂ ಸ, ಳ ಇದ್ದರೆ ಲ, ಕೃ ಇದ್ದರೆ ಕ್ರು, ಪದದ ಮೊದಲ ಹಕಾರ ಮಾಯ. ಓದುಗರು ಬರೆದದ್ದಕ್ಕೂ ಇದೇ ರೂಪ. ಎರಡೂ ಹೊಂದಿದರೆ ಸಲಹೆ.

ಸಲಹೆಯನ್ನು ತೋರಿಸುತ್ತೇನೆ ಅಷ್ಟೇ, ಪದವನ್ನು ನಾನೇ ಬದಲಿಸುವುದಿಲ್ಲ. ‘ಹಲ್ಲಿ’ ಅಂದವರಿಗೆ ಹಳ್ಳಿಯೇ ಬೇಕಿರಬಹುದು, ನಿಜವಾಗಿ ಹಲ್ಲಿಯೂ ಬೇಕಿರಬಹುದು. ‘ಕತೆ’ಯಂತೂ ತಪ್ಪೇ ಅಲ್ಲ. ಕತೆ–ಕಥೆಯಂಥ ಜೋಡಿಗಳಿಗೆ ಸಲಹೆ ಬೇಡ, ಸುಮ್ನೆ ಎರಡರ ಪುಸ್ತಕಗಳನ್ನೂ ಒಟ್ಟಿಗೆ ಕೊಟ್ಟುಬಿಡಬೇಕು. ಓದಲು ಬಂದವರಿಗೆ ‘ನೀವು ತಪ್ಪು ಬರೆದಿರಿ’ ಅನ್ನಿಸಬಾರದು.

ಇನ್ನೊಂದು ತೊಡಕು ನಮ್ಮದೇ. ಪಟ್ಟಿ ಮಾಡುವಾಗ ನಾವೇ ಮಾಡಿದ್ದ ಟೈಪಿಂಗ್ ತಪ್ಪುಗಳು ಸಲಹೆಯಾಗಿ ಬರತೊಡಗಿದವು. ಒಂದೇ ಸಲ ಬಂದ ಪದಗಳನ್ನು ಕಿತ್ತುಹಾಕೋಣ ಅಂದರೆ ಅಪರೂಪದ ಒಳ್ಳೆಯ ಪದಗಳೂ ಹೋಗುತ್ತವೆ. ಕೊನೆಗೆ ಕೂತು ಕೈಯಲ್ಲೇ ತಿದ್ದಿದೆವು.

ಏನೂ ಸಿಗದ ಹುಡುಕಾಟಗಳ ಪಟ್ಟಿಯನ್ನು ಈಗ ವಾರಕ್ಕೊಮ್ಮೆ ನೋಡುತ್ತೇನೆ. ಕಳೆದ ವಾರ ಅದರಲ್ಲಿ ‘ರುಷಿ’ ಇತ್ತು. ವ್ಯಂಜನಕ್ಕೆ ಸೇರಿ ಬರುವ ಋಕಾರವನ್ನಷ್ಟೇ ಗಮನಿಸಿದ್ದೆ, ಪದದ ಮೊದಲಲ್ಲಿ ಬರುವುದನ್ನು ಮರೆತಿದ್ದೆ. ಅದನ್ನೂ ಸೇರಿಸಿದೆ.