ವೇಬ್ರಿಡ್ಜ್ ಡ್ರೈವರ್ ಕೋಡಿನಲ್ಲಿ ಮೆಮೊರಿ ತಪ್ಪು ಹುಡುಕುವುದು ಹೇಗೆ

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿರುತ್ತೀರಿ. ಅದರ ಇಂಡಿಕೇಟರ್ ತೋರಿಸುವ ತೂಕ ಸೀರಿಯಲ್ ಕೇಬಲ್ಲು, ಯುಎಸ್‌ಬಿ ಅಡಾಪ್ಟರ್ ದಾಟಿ ಕಂಪ್ಯೂಟರಿಗೆ ಬರುತ್ತದೆ. ಅಂಥ ಅಡಾಪ್ಟರಿಗೆ ಬರೆದ ಲಿನಕ್ಸ್ ಡ್ರೈವರ್ (ಯಂತ್ರದೊಂದಿಗೆ ಮಾತಾಡುವ, ಲಿನಕ್ಸಿನ ತಿರುಳಾದ ಕರ್ನೆಲ್ ಒಳಗೆ ಓಡುವ ಕೋಡು) ನಿಮ್ಮ ಹತ್ತಿರ ರಿವ್ಯೂಗೆ, ಅಂದರೆ ಓದಿ ತಪ್ಪು ಹೇಳಲು, ಬಂದಿದೆ ಎಂದಿಟ್ಟುಕೊಳ್ಳಿ. ಮೊದಲ ಸಾಲಿನಿಂದ ಓದುತ್ತ ಹೋದರೆ ಇಂಡೆಂಟಿನ ತಪ್ಪು ಸಿಗುತ್ತದೆ, ಮೆಮೊರಿ ತಪ್ಪು ಸಿಗುವುದಿಲ್ಲ. ಎರಡು ಪ್ರಶ್ನೆ ಹಿಡಿದು ಓದಿ: ಈ ಉದ್ದ ಹೇಳಿದವರು ಯಾರು? ಜಾಗ ಬಿಟ್ಟುಕೊಟ್ಟ ಮೇಲೂ ಅದರ ವಿಳಾಸ ಯಾರ ಹತ್ತಿರ ಉಳಿದಿದೆ?

ಮೊದಲನೆಯದಕ್ಕೆ ಗ್ರೆಪ್ (ಕೋಡಿನಲ್ಲಿ ಪದ ಹುಡುಕುವ ಸಾಧನ) ಸಾಕು. ಮೆಮ್‌ಸಿಪಿವೈ, ಕಾಪಿ_ಫ್ರಮ್_ಯೂಸರ್ (ಬೈಟುಗಳನ್ನು ಕಾಪಿ ಮಾಡುವವು, ಎರಡನೆಯದು ಬಳಕೆದಾರರ ಪ್ರೋಗ್ರಾಮಿನಿಂದ), ಕೆಮ್ಯಾಲಾಕ್ (ಮೆಮೊರಿಯಲ್ಲಿ ಜಾಗ ಕೇಳುವುದು) ಇರುವ ಸಾಲುಗಳನ್ನೆಲ್ಲ ತೆಗೆದು, ಪ್ರತಿಯೊಂದರ ಅಳತೆ ಎಲ್ಲಿಂದ ಬಂತೆಂದು ಹಿಮ್ಮುಖವಾಗಿ ನಡೆಯಿರಿ. ಸ್ಥಿರ ಸಂಖ್ಯೆಯಾದರೆ ಬಫರಿಗೆ, ಅಂದರೆ ಬೈಟುಗಳನ್ನು ಇಡುವ ಜಾಗದ ಅಳತೆಗೆ, ಹೋಲಿಸಿ ಮುಂದೆ ಹೋಗಿ. ಯಂತ್ರದಿಂದಲೋ ಪ್ರೋಗ್ರಾಮಿನಿಂದಲೋ ಬಂದಿದ್ದರೆ ಅಲ್ಲೇ ಕೂರಿ.

ಪ್ಯಾಕೆಟ್ಟಿನ ಮೊದಲ ಬೈಟ್ ಉದ್ದ, ಬಫರ್ 64 ಬೈಟ್ ಎನ್ನಿ. ಯುಎಸ್‌ಬಿ ದಾರಿಯಲ್ಲಿ ಸಿಆರ್‌ಸಿ, ಅಂದರೆ ಕೆಟ್ಟ ಬೈಟುಗಳನ್ನು ಹಿಡಿಯುವ ಲೆಕ್ಕ, ಇದೆ. ಸೀರಿಯಲ್ ದಾರಿಯಲ್ಲಿ ಹೆಚ್ಚೆಂದರೆ ಒಂದು ಪ್ಯಾರಿಟಿ ಬಿಟ್, ಅದು ಹಿಡಿಯುವುದು ಕೆಲವು ತಪ್ಪುಗಳನ್ನು ಮಾತ್ರ. ಪಕ್ಕದಲ್ಲಿ ದೊಡ್ಡ ಮೋಟಾರು ಚಾಲೂ ಆದಾಗ 12 ಇದ್ದದ್ದು 200 ಆಗಿ ಬರಬಹುದು. ಇದಕ್ಕೆ ಹ್ಯಾಕರ್ ಬೇಕಿಲ್ಲ. ಇಲ್ಲಿ ಎರಡು ತಪಾಸಣೆ ಬೇಕು: ಉದ್ದ 64 ಮೀರಬಾರದು, ನಿಜವಾಗಿ ಬಂದ ಬೈಟುಗಳನ್ನೂ ಮೀರಬಾರದು. ಮೊದಲನೆಯದನ್ನು ಬರೆದು ಎರಡನೆಯದನ್ನು ಮರೆಯುವವರೇ ಹೆಚ್ಚು. ಎರಡನ್ನೂ ಬರೆದವರು ಕೂಡ ಇಲ್ಲಿ ಎಡವುತ್ತಾರೆ (ಲೆನ್ ಎಂದರೆ ಪ್ಯಾಕೆಟ್ ಹೇಳಿದ ಉದ್ದ; ಯುಆರ್‌ಬಿ ಎಂದರೆ ಒಂದು ಯುಎಸ್‌ಬಿ ಕೋರಿಕೆಯ ದಾಖಲೆ, ಅದರ ಆಕ್ಚುಯಲ್_ಲೆಂಗ್ತ್ ನಿಜವಾಗಿ ಬಂದ ಬೈಟುಗಳು; 1 ಕಳೆದದ್ದು ಉದ್ದದ ಬೈಟಿಗಾಗಿ):

ಇಫ್ (ಲೆನ್ > ಯುಆರ್‌ಬಿ->ಆಕ್ಚುಯಲ್_ಲೆಂಗ್ತ್ - 1)

ಆಕ್ಚುಯಲ್_ಲೆಂಗ್ತ್ ಋಣ ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆ. ಖಾಲಿ ಪ್ಯಾಕೆಟ್ ಬಂದರೆ 0 ಕಳೆ 1 ಎಂದರೆ 4294967295! ತಪಾಸಣೆ ಇದ್ದೂ ಇಲ್ಲದಂತೆ. ಕಳೆಯುವ ಮೊದಲೇ ಸೊನ್ನೆಯೇ ಎಂದು ನೋಡಬೇಕು.

ಪ್ರೋಗ್ರಾಮಿನಿಂದ ಬರುವ ಅಳತೆಯ ಕಾಯಿಲೆಗಳು ಹಳೆಯವು. ಲೆನ್ ಬರೀ ಇಂಟ್ (ಋಣವೂ ಆಗಬಲ್ಲ ಸಂಖ್ಯೆ) ಆಗಿದ್ದರೆ -1 ಎಂಬುದು ‘256ಕ್ಕಿಂತ ಹೆಚ್ಚೇ’ ಎಂಬ ಗೇಟನ್ನು ದಾಟಿ, ಮೆಮ್‌ಸಿಪಿವೈ ಕೈಗೆ ಭಾರೀ ಸಂಖ್ಯೆಯಾಗಿ ಸಿಗುತ್ತದೆ. 32 ಬಿಟ್ ಲೆಕ್ಕದಲ್ಲಿ 268435457 ದಾಖಲೆಗಳನ್ನು ತಲಾ 16 ಬೈಟಿನಿಂದ ಗುಣಿಸಿದರೆ ಉಳಿಯುವುದು 16 ಬೈಟ್ ಮಾತ್ರ. ಅಲ್ಲಿ ಗುಣಾಕಾರ ಹೀಗೆ ಮಿತಿ ಮೀರಿದರೆ ಜಾಗವನ್ನೇ ಕೊಡದ ಕೆಮ್ಯಾಲಾಕ್_ಅರೇ ಕೇಳಿ. ಉದ್ದವನ್ನು ಒಮ್ಮೆ ಓದಿ ತಪಾಸಿಸಿ, ಆಮೇಲೆ ಇಡೀ ಸ್ಟ್ರಕ್ಚರನ್ನು ಮತ್ತೆ ಕಾಪಿ ಮಾಡಿದ್ದರೆ ನಡುವೆ ಪ್ರೋಗ್ರಾಮಿನ ಇನ್ನೊಂದು ಥ್ರೆಡ್ (ಜೊತೆಜೊತೆಗೇ ಓಡುವ ಎಳೆ) ಆ ಉದ್ದವನ್ನು ಬದಲಿಸಬಹುದು. ಕಾಪಿ_ಫ್ರಮ್_ಯೂಸರ್ ಹಿಂದಿರುಗಿಸುವುದು ಕಾಪಿಯಾಗದೆ ಉಳಿದ ಬೈಟುಗಳ ಎಣಿಕೆಯನ್ನು, ಋಣ ಸಂಖ್ಯೆಯ ಎರರ್ ಅಲ್ಲ. ‘ಸೊನ್ನೆಗಿಂತ ಕಡಿಮೆಯೇ’ ಎಂದು ಕೇಳಿದ ಕೋಡಿಗೆ ಸೋಲು ಗೊತ್ತೇ ಆಗುವುದಿಲ್ಲ.

ಎರಡನೇ ಪ್ರಶ್ನೆ ಕಷ್ಟದ್ದು. ಬಿಲ್ ಮಾಡುವ ಸಾಫ್ಟ್‌ವೇರ್ ಡಿವೈಸನ್ನು ತೆರೆದುಕೊಂಡಿರುವಾಗಲೇ ಹಮಾಲರ ಕಾಲಿಗೆ ಸಿಕ್ಕಿ ಕೇಬಲ್ ಕಿತ್ತು ಬಂತು. ಡ್ರೈವರಿನ ಡಿಸ್ಕನೆಕ್ಟ್ ಫಂಕ್ಷನ್ ಓಡಿ ಕೆಫ್ರೀ ಮಾಡಿತು, ಅಂದರೆ ಜಾಗ ಬಿಟ್ಟುಕೊಟ್ಟಿತು. ಸಾಫ್ಟ್‌ವೇರಿನ ಮುಂದಿನ ರೀಡ್ ಹಳೆಯ ಪಾಯಿಂಟರನ್ನೇ, ಅಂದರೆ ಬಿಟ್ಟ ಜಾಗದ ವಿಳಾಸವನ್ನೇ, ಹಿಡಿದು ಬರುತ್ತದೆ. ಓಪನ್‌ನಲ್ಲಿ ಕೆರೆಫ್_ಗೆಟ್, ರಿಲೀಸ್‌ನಲ್ಲಿ ಕೆರೆಫ್_ಪುಟ್ (ಬಳಸುವವರ ಎಣಿಕೆಯನ್ನು ಏರಿಸುವುದು, ಇಳಿಸುವುದು) ಇದೆಯೇ, ಕೊನೆಯವನು ಬಿಟ್ಟಾಗ ಮಾತ್ರ ಜಾಗ ಖಾಲಿಯಾಗುತ್ತದೆಯೇ ನೋಡಿ. ಡೆವ್‌ಎಂ (ಕರ್ನೆಲ್ ತಾನಾಗಿಯೇ ಜಾಗ ಬಿಡುವ ಸೌಲಭ್ಯ) ಬಳಸಿದ್ದೇವೆ ಎಂದು ನೆಮ್ಮದಿಯಾಗಬೇಡಿ: ಅದು ಡಿಸ್ಕನೆಕ್ಟ್ ಮುಗಿದ ಕೂಡಲೇ ಜಾಗ ಬಿಡುತ್ತದೆ, ಫೈಲ್ ತೆರೆದಿದೆಯೇ ಎಂದು ಕೇಳುವುದಿಲ್ಲ. ಇಲ್ಲಿ ಡೆವ್‌ಎಂ ಇರುವುದೇ ತಪ್ಪು.

ಬಿಡುವ ಮುಂಚೆ ಯುಆರ್‌ಬಿ, ಟೈಮರ್, ವರ್ಕ್ (ಆಮೇಲೆ ಮಾಡಲು ಸಾಲಿನಲ್ಲಿಟ್ಟ ಕೆಲಸ) ಮೂರೂ ನಿಂತಿರಬೇಕು. ಸಿಂಕ್ ಇಲ್ಲದ ಟೈಮರ್_ಡಿಲೀಟ್ (ಹಳೆಯ ಕರ್ನೆಲ್‌ಗಳಲ್ಲಿ ಡೆಲ್_ಟೈಮರ್), ಇನ್ನೊಂದು ಸಿಪಿಯು ಮೇಲೆ ಓಡುತ್ತಿರುವ ಟೈಮರಿನ ಫಂಕ್ಷನ್ ಮುಗಿಯಲೆಂದು ಕಾಯುವುದಿಲ್ಲ. ಟೈಮರ್ ವರ್ಕನ್ನು ಎಬ್ಬಿಸಿ, ವರ್ಕ್ ಮತ್ತೆ ಟೈಮರನ್ನು ಹೂಡುವಂತಿದ್ದರೆ ಒಂದನ್ನು ನಿಲ್ಲಿಸಿದಾಗ ಇನ್ನೊಂದು ಏಳುತ್ತದೆ. ಕರ್ನೆಲ್ 6.2ರಿಂದಿರುವ ಟೈಮರ್_ಶಟ್‌ಡೌನ್_ಸಿಂಕ್ ಮೊದಲು, ಕ್ಯಾನ್ಸಲ್_ವರ್ಕ್_ಸಿಂಕ್ ಆಮೇಲೆ.

ಅನುಮಾನ ಬಂದಲ್ಲಿ ಕೆಎಸ್ಯಾನ್ (ಓಡುವಾಗಲೇ ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕಿ ಕರ್ನೆಲ್ ಕಟ್ಟಿ. ಅದರ ‘ಜೆನೆರಿಕ್’ ಎಂಬ ವಿಧಕ್ಕೆ ಮೆಮೊರಿಯ ಎಂಟನೇ ಒಂದು ಪಾಲು ಹೋಗುತ್ತದೆ, 4 ಜಿಬಿ ಯಂತ್ರದಲ್ಲಿ ಸುಮಾರು 512 ಎಂಬಿ. ರೀಡ್ ನಡೆಯುತ್ತಿರುವಾಗಲೇ ಕೇಬಲ್ ಕಿತ್ತು, ಹಾಕಿ, ಮತ್ತೆ ಕೀಳಿ. ಓಡದ ದಾರಿಯ ತಪ್ಪನ್ನು ಕೆಎಸ್ಯಾನ್ ಹೇಳದು. ಪ್ರೋಬ್‌ನ ಗೋಟು ಲೇಬಲ್‌ಗಳನ್ನು (ಯಂತ್ರ ಸಿಕ್ಕಿಸಿದಾಗಿನ ಸಿದ್ಧತೆ ನಡುವೆ ಸೋತರೆ, ಪಡೆದದ್ದನ್ನು ಬಿಟ್ಟುಕೊಡುವ ಸಾಲುಗಳು) ಕಣ್ಣಿನಿಂದಲೇ, ಕೆಳಗಿನಿಂದ ಮೇಲಕ್ಕೆ ಓದಬೇಕು.

ರಿವ್ಯೂ ಕಾಮೆಂಟಿನಲ್ಲಿ ‘ಇದು ಅಪಾಯಕಾರಿ’ ಎಂದು ಬರೆದರೆ ವಾದ ಶುರುವಾಗುತ್ತದೆ. ‘ಆಕ್ಚುಯಲ್_ಲೆಂಗ್ತ್ 0, ಹಿಂದಿನ ಪ್ಯಾಕೆಟ್ಟಿನಿಂದ ಉಳಿದ ಮೊದಲ ಬೈಟ್ 40: ಹಳೆಯ 40 ಬೈಟ್ ಹೊಸ ತೂಕವಾಗಿ ಹೋಗುತ್ತದೆ’ ಎಂದು ಬರೆಯಿರಿ.