ಹಳೆ ಮನೆ ತಂಪಾಗಬೇಕಾ? ಮೊದಲು ತಾರಸಿ ನೋಡಿ

ಏಪ್ರಿಲ್ ಬಂತು ಅಂದರೆ ಮೈಸೂರಿನಲ್ಲೂ ಈಗ ಜನ ನೇರ ಏಸಿ ಅಂಗಡಿಗೆ ಹೋಗುತ್ತಾರೆ. ಸ್ವಲ್ಪ ತಡೆಯಿರಿ. ಒಂದಂತಸ್ತಿನ ಹಳೆ ಮನೆಗೆ ಬಿಸಿ ಜಾಸ್ತಿ ಇಳಿಯುವುದು ಮೇಲಿಂದ, ಅಲ್ವಾ? ಮೊದಲ ಖರ್ಚು ಅಲ್ಲಿಗೇ ಇರಲಿ.

ಆರ್‌ಸಿಸಿ ತಾರಸಿಯಾದರೆ ಪಾಚಿ ಕೆರೆದು, ತೊಳೆದು, ಬಿರುಕು ಮುಚ್ಚಿ, ಪೂರ್ತಿ ಒಣಗಿದ ಮೇಲೆ ಬಿಸಿಲನ್ನು ವಾಪಸ್ ಎಸೆಯುವ ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ. ಸುಣ್ಣವೂ ನಡೆಯುತ್ತದೆ, ಅಗ್ಗ ಕೂಡ, ಆದರೆ ಮಳೆಗೆ ತೊಳೆದುಹೋಗುತ್ತದೆ, ವರ್ಷಾ ವರ್ಷ ಬಳಿಯಬೇಕು. ಧೂಳು ಕೂತರೆ ಎರಡೂ ದಂಡ.

ಮಂಗಳೂರು ಹೆಂಚಿನ ಮನೆಯಾದರೆ ಒಡೆದ ಹೆಂಚು ಬದಲಿಸಿ, ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ. ನಡುವಿನ ಬಿಸಿ ಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಿಂಡಿ ಬಿಡಿ, ಇಲಿ ನುಗ್ಗದ ಹಾಗೆ ಜಾಲರಿ ಬಡಿಸಿ.

ಸುಣ್ಣದ ಗಾರೆಯ ಗೋಡೆಗೆ ಮಾತ್ರ ಮೇಸ್ತ್ರಿ ಎಷ್ಟೇ ಹೇಳಿದರೂ ಸಿಮೆಂಟ್ ಮೆತ್ತಿಸಬೇಡಿ. ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹಾಳಾಗುತ್ತದೆ.

ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ, ಒಳಗಿನ ಪರದೆ ಅಷ್ಟು ಕೆಲಸ ಮಾಡುವುದಿಲ್ಲ. ಪೇಂಟ್ ಅಂಟಿ ಮುಚ್ಚಿಹೋದ ವೆಂಟಿಲೇಟರ್ ಬಿಡಿಸಿ, ರಾತ್ರಿ ತೆರೆದಿಡಿ. ಹಳೆ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್‌ಗೆ 30ರ ಆಸುಪಾಸು ಸಾಕು. ಇಷ್ಟಾದ ಮೇಲೂ ಸೆಕೆ ಅನಿಸಿದರೆ ಏಸಿ ಬಗ್ಗೆ ಯೋಚಿಸಿ.